ಲೋಕಲ್‌ನಲ್ಲಿ ಬಿಟ್ಟ ಕಾದಂಬರಿ

ಕಳೆದ ಮಂಗಳವಾರ ಮುಂಬೈಯ ಡೊಂಬಿವಲಿ ಸ್ಲೋ ಲೋಕಲ್ ರೈಲಿನಲ್ಲಿ ಒಂದು ಕಾದಂಬರಿ ಬಿಟ್ಟು ಇಳಿದೆ. ಸಯನ್ ಬರುವಷ್ಟರಲ್ಲಿ ಬಾಗಿಲ ಹತ್ತಿರ ನಿಂತಿರಬೇಕು, ಇಲ್ಲದಿದ್ದರೆ ಮಾಟುಂಗಾದಲ್ಲಿ ಇಳಿದ ಹಾಗೇ. ಆ ಗಡಿಬಿಡಿಯಲ್ಲಿ ಪುಸ್ತಕ ಸೀಟಿನ ಮೇಲೇ ಉಳಿಯಿತು. ಅದು ಸಿಕ್ಕಿದ ನಿಮಗೇ ಈ ಮಾತು.

ಇಬ್ಬರು ಗೆಳತಿಯರ ಕಥೆ ಅದು. 1982ರ ಮುಂಬೈ ಬಟ್ಟೆ ಗಿರಣಿ ಮುಷ್ಕರದಲ್ಲಿ ಎರಡೂ ಮನೆಯ ಸಂಬಳ ನಿಂತಾಗ ಒಂದೇ ಸ್ಟೋವಿನಲ್ಲಿ ಸರದಿ ಹಾಕಿ ಅನ್ನ ಮಾಡಿಕೊಳ್ಳುವವರು. ನಡುವೆ ಕಥೆ ಸ್ವಲ್ಪ ಎಳೆಯುತ್ತದೆ, ಇರಲಿ. ನನಗೆ ಬೇಕಾಗಿದ್ದದ್ದು ಅಂಚಿನಲ್ಲಿದ್ದ ಪೆನ್ಸಿಲ್ ಅಕ್ಷರ. ನನ್ನ ಗೆಳತಿ ಆಸ್ಪತ್ರೆಯಲ್ಲಿ ಮಲಗಿಕೊಂಡೇ ಓದಿ, "ಇವಳು ಥೇಟ್ ನೀನೇ ಕಣೇ" ಅಂತ ಬರೆದಿದ್ದಳು. ಅವಳು ಈಗಿಲ್ಲ.

ಒಳಗಿದ್ದ ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರು ನೋಡಿ, ನೀವು ಅದನ್ನು ಮಾಟುಂಗಾದ ಮೈಸೂರು ಅಸೋಸಿಯೇಷನ್‌ಗೆ ತಲುಪಿಸಿದಿರಂತೆ. 1926ರಿಂದ ಇರುವ ಸಂಘ, ಮುಂಬೈ ಕನ್ನಡಿಗರಿಗೆ ದಾರಿ ಹೇಳಬೇಕಿಲ್ಲ. ನಿಮ್ಮ ಹೆಸರು ಮಾತ್ರ ಬಿಟ್ಟು ಹೋಗಿಲ್ಲ. ಹರಿದ ರಟ್ಟಿಗೆ ಟೇಪ್ ಬೇರೆ ಅಂಟಿಸಿದ್ದೀರಿ! ತುಂಬಾ ಥ್ಯಾಂಕ್ಸ್.

80ನೇ ಪುಟದಲ್ಲಿ ಒಂದು ರೈಲು ಟಿಕೆಟ್ ಇತ್ತು, ನನ್ನದಲ್ಲ. ಅಲ್ಲಿವರೆಗೆ ಓದಿದ್ದೀರಿ, ಅಲ್ವಾ? ಉಳಿದದ್ದು ಬೇಕಿದ್ದರೆ ಅಸೋಸಿಯೇಷನ್‌ನ ವಾಚ್‌ಮನ್ ಹತ್ತಿರ ಹೇಳಿಹೋಗಿ. ಕೊಡುತ್ತೇನೆ. ಪುಸ್ತಕ ವಾಪಸ್ ಕೊಡುವವರು ಅಂತ ಗೊತ್ತಾಯಿತಲ್ಲ.