ಮೊಲ ಯಾರಿಗೂ ಕಾಣುವುದಿಲ್ಲ

ಪ್ರೀತಿಯ ಮಗು,

ಆ ಫ್ರೆಂಚ್ ಕಥೆಯ ನಿನ್ನ ಇಂಗ್ಲಿಷ್ ಅನುವಾದವೂ ಕಾಗದವೂ ತಲುಪಿದವು. "ಮೊದಲು ಕೊಟ್ಟಾಗ ಸಂಪಾದಕರು ರಂಗು ಸಾಲದು ಅಂದರು. ರಂಗು ತುಂಬಿ ಕೊಟ್ಟೆ, ಈಗ ಉತ್ತರವೇ ಇಲ್ಲ. ಫ್ರೆಂಚಿನ ಸಹವಾಸವೇ ಬೇಡ ಅನ್ನಿಸಿದೆ" ಎಂದು ಬರೆದಿದ್ದೀಯ. ಕಾಗದ ಓದಿ ಸಂಕಟವಾಯಿತು, ಅನುವಾದ ಓದಿ ಸಿಟ್ಟು ಬಂತು. ಎರಡನ್ನೂ ಮುಚ್ಚಿಡದೆ ಹೇಳುತ್ತೇನೆ. ಏಕವಚನದಲ್ಲೇ ಕರೆಯಿರಿ ಎಂದಿದ್ದೀಯ, ಸಂತೋಷ.

ಹಕ್ಕು ಯಾರಿಂದ ಪಡೆಯಬೇಕು, ಸಂಭಾವನೆ ಎಷ್ಟು ಕೇಳಬೇಕು, ಯಾವ ನಿಘಂಟು ಕೊಳ್ಳಬೇಕು, ಇವನ್ನೆಲ್ಲ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ನನಗೆ ಹೇಳಬೇಕಾದದ್ದು ಒಂದೇ. ಒಂದು ಮಾತು ಅದನ್ನಾಡುವವರ ಬಾಯಲ್ಲಿ ಎಷ್ಟು ಸವೆದಿದೆ ಎಂದು ತಿಳಿಯುವ ತನಕ ಅದನ್ನು ಮುಟ್ಟಬೇಡ.

ನಾಲ್ಕನೇ ಪುಟ ತೆಗೆ. ಪ್ಯಾರಿಸ್ ಪಕ್ಕದ ಸ್ಯಾಂ ದೆನಿಯ ಟೈರ್ ಅಂಗಡಿಯ ಹುಡುಗ ಗೆಳೆಯನ ಹತ್ತಿರ ಹೇಳಿಕೊಳ್ಳುತ್ತಾನೆ: "ಎಲ್ ಮಾ ಪೋಝೆ ಅಂ ಲಾಪ್ಯಾಂ." ಸಂಜೆ ಸಿಗುತ್ತೇನೆ ಎಂದವಳು ಬರಲಿಲ್ಲ, ಅಷ್ಟೇ. ಪದ ಬಿಡಿಸಿದರೆ ಅವಳು ಅವನಿಗೊಂದು ಮೊಲ ಇಟ್ಟಳು ಎಂದಾಗುತ್ತದೆ. ನೀನು ಆ ಮೊಲವನ್ನು ಕಿವಿ ಹಿಡಿದು ಎತ್ತಿ ತಂದು ಇಂಗ್ಲಿಷ್ ವಾಕ್ಯದ ನಡುವೆ ಕೂರಿಸಿದ್ದೀಯ. ಯಾಕಮ್ಮ? "ಅವಳು ಕೈ ಕೊಟ್ಟಳು" ಎಂದು ನಮ್ಮ ಹುಡುಗನೊಬ್ಬ ಅಂದರೆ ನಿನ್ನ ಕಣ್ಣಿಗೆ ಕೈ ಕಾಣುತ್ತದೆಯೇ? ಹಳೇ ನಾಣ್ಯದ ಮೇಲಿನ ರಾಜನ ಮುಖದ ಹಾಗೆ ಆ ಕೈ ಅಳಿಸಿಹೋಗಿದೆ, ಆದರೂ ಮಾತು ಚಲಾವಣೆಯಲ್ಲಿದೆ. ಫ್ರೆಂಚರಿಗೆ ಮೊಲವೂ ಹಾಗೇ. "ಷಿ ಸ್ಟುಡ್ ಮಿ ಅಪ್" ಅಂದರೆ ಸಾಕು, ಅದೂ ಅಷ್ಟೇ ಸವೆದ ಮಾತು. ಆ ಹುಡುಗ ಅವತ್ತು ನೊಂದಿದ್ದಾನೆ. ಓದುವವರು ಮೊಲದ ಹಿಂದೆ ಓಡಿದರೆ ಅವನ ನೋವನ್ನು ಕೇಳುವವರು ಯಾರು?

ಸುಳ್ಳು ಹೇಳುವುದಕ್ಕೆ ಅವರು "ಸಾಲಾದ್ (ಸಲಾಡ್) ಹೇಳುವುದು" ಅನ್ನುತ್ತಾರೆ, ಮೂರ್ಛೆ ಹೋಗುವುದಕ್ಕೆ "ಸೇಬುಗಳಲ್ಲಿ ಬೀಳುವುದು". ನಿನ್ನ ಅನುವಾದದಲ್ಲಿ ಸಾಲಾದೂ ಇದೆ, ಸೇಬೂ ಇದೆ. ಪ್ಯಾರಿಸಿನ ಹೊರವಲಯದ ದುಡಿಯುವ ಜನ ಬಾಯಿ ತೆರೆದರೆ ತರಕಾರಿ ಸಂತೆ. ಅವರು ಹೀಗೆ ಮಾತಾಡುವುದಿಲ್ಲ, ಮಗು. ಮಾತಾಡುವಾಗ ಅವರಿಗೆ ಹೀಗೆ ಕೇಳಿಸುವುದೂ ಇಲ್ಲ.

ಇದರಲ್ಲಿ ನನಗೆ ಇವತ್ತಿಗೂ ಆರದ ಸಿಟ್ಟಿದೆ. ಹಿಂದೆ ಒಂದು ಪ್ರಕಾಶನದವರು ನನ್ನನ್ನು ಒಂದು ಮಾತೂ ಕೇಳದೆ ನನ್ನ ಅನುವಾದದ ಸಾದಾ ವಾಕ್ಯಗಳನ್ನು ತೆಗೆದು, ಫ್ರೆಂಚ್ ನುಡಿಗಟ್ಟುಗಳನ್ನು ಪದಕ್ಕೆ ಪದ ಇಳಿಸಿ ಅಚ್ಚು ಹಾಕಿದರು. ವಿಮರ್ಶೆ ಬರೆದವರು ಹುಡುಕಿ ಹುಡುಕಿ ಅವೇ ಸಾಲುಗಳನ್ನು ಎತ್ತಿ ಹೊಗಳಿದರು. ಮೂಲ ಲೇಖಕರು ಸಿಕ್ಕಾಗ ಕೇಳಿದ್ದು ಒಂದೇ ಪ್ರಶ್ನೆ: "ನನ್ನ ಕಥೆಯ ಕಾವಲುಗಾರ್ತಿ ಇಂಗ್ಲಿಷಿನಲ್ಲಿ ಯಾಕೆ ವಿದೂಷಕಿಯಾದಳು?" ನಿನ್ನ ಸಂಪಾದಕರು ರಂಗು ಬೇಕು ಅಂದಾಗ ಕೇಳಿದ್ದು ಇಂಥ ವಿದೂಷಕತನವನ್ನೇ. ಮುಂದೆ ಯಾರಾದರೂ "ಎಷ್ಟು ವರ್ಣರಂಜಿತ!" ಎಂದು ನಿನ್ನ ಅನುವಾದವನ್ನು ಹೊಗಳಿದರೆ, ಆ ಪುಟವನ್ನು ಮೂಲದ ಪಕ್ಕದಲ್ಲಿಟ್ಟು ಇನ್ನೊಮ್ಮೆ ಓದು.

ಹಾಗಂತ ತೊಳೆದು ಬಿಳಿ ಮಾಡು ಅನ್ನುತ್ತಿಲ್ಲ. ಆ ಅನ್ಯಾಯವೂ ನಡೆದಿದೆ. ಎಮಿಲ್ ಝೋಲಾ 1877ರ "ಲಾಸೊಮ್ವಾರ್"ನಲ್ಲಿ ಕೂಲಿಕಾರರ ಮಾತನ್ನು ಪಾತ್ರಗಳ ಬಾಯಿಗಷ್ಟೇ ಬಿಡದೆ ನಿರೂಪಣೆಯೊಳಕ್ಕೇ ತಂದ. ಪ್ಯಾರಿಸ್ ರೇಗಿತು. ಅವನ ಕಾದಂಬರಿಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸುತ್ತಿದ್ದ ಹೆನ್ರಿ ವಿಝೆಟೆಲಿ, ಅಲ್ಲಲ್ಲಿ ಕತ್ತರಿ ಹಾಕಿದ್ದರೂ, 1889ರಲ್ಲಿ ಲಂಡನ್ನಿನಲ್ಲಿ ಮೂರು ತಿಂಗಳ ಜೈಲುಶಿಕ್ಷೆಗೆ ಗುರಿಯಾದ. ಆಗ ಅವನಿಗೆ ಎಪ್ಪತ್ತು ಹತ್ತಿರವಾಗಿತ್ತು. ಬೈಗುಳ ಬೈಗುಳವಾಗಿಯೇ ಬರಲಿ. ಆದರೆ ಅದೂ ಅಲ್ಲಿ ಎಷ್ಟು ಹರಿತವೋ ಇಲ್ಲಿಯೂ ಅಷ್ಟೇ ಹರಿತವಾಗಿರಬೇಕು.

ವೆರ್ಲಾಂ, ಅಂದರೆ ಪದಗಳನ್ನು ತಿರುಗಿಸಿ ಆಡುವ ಫ್ರೆಂಚ್ ಬೀದಿಮಾತು, ಅದರ ಬಗ್ಗೆ ಕೇಳಿದ್ದೀಯ. ಅಕ್ಷರಗಳನ್ನು ಹಿಂದುಮುಂದು ಮಾಡುವ ಆಟ ಎಂದಷ್ಟೇ ತಿಳಿದು ಇಂಗ್ಲಿಷ್ ಪದಗಳನ್ನೂ ತಿರುಗಿಸಲು ಹೋಗಿದ್ದೀಯ, ಅದನ್ನು ಬಿಡು. ಅದರ ಚರಿತ್ರೆ ನೋಡು. "ಅರಾಬ್" ತಿರುಗಿ "ಬರ್" ಆಯಿತು. ವಲಸಿಗರ ಮಕ್ಕಳು ಸಮಾನತೆಗಾಗಿ 1983ರಲ್ಲಿ ಮಾರ್ಸೇಯಿಂದ ಪ್ಯಾರಿಸಿಗೆ ನಡೆದಾಗ ಪತ್ರಿಕೆಗಳು ಅದನ್ನು "ಬರ್‌ಗಳ ನಡಿಗೆ" ಎಂದು ಕರೆದವು. ಪತ್ರಿಕೆಯವರ ಬಾಯಿಗೆ ಬಿದ್ದ ಮೇಲೆ ಮಾತು ಹುಡುಗರದ್ದಾಗಿ ಉಳಿಯಲಿಲ್ಲ. ಅವರು ಅದನ್ನು ಇನ್ನೊಮ್ಮೆ ತಿರುಗಿಸಿ "ರಬ" ಮಾಡಿಕೊಂಡರು. ಇತ್ತ ಹೆಂಗಸು ಎಂಬರ್ಥದ "ಫಾಮ್" ತಿರುಗಿ ಆದ "ಮಫ್" ಈಗ ನಿಘಂಟಿನಲ್ಲಿದೆ, ನಡುವಯಸ್ಸಿನವರೂ ಆಡುತ್ತಾರೆ. ನಿನ್ನ ಕಥೆಯಲ್ಲಿ ಆ ಮಾತನ್ನಾಡುವವನಿಗೆ ವಯಸ್ಸೆಷ್ಟು, ಯಾರ ಮುಂದೆ ಆಡುತ್ತಾನೆ? ಅದು ಗೊತ್ತಾದರೆ ಇಂಗ್ಲಿಷ್ ಪದ ತಾನಾಗಿ ಸಿಗುತ್ತದೆ. ಮತ್ತೆ, ದಯವಿಟ್ಟು, ಸ್ಯಾಂ ದೆನಿಯ ಮೆಕ್ಯಾನಿಕ್ಕನ ಬಾಯಲ್ಲಿ ಲಂಡನ್ನಿನ ಪೂರ್ವಭಾಗದ ಮಾತು ಬೇಡ. ಅವನು ಒಂದೇ ವಾಕ್ಯದಲ್ಲಿ ಸಮುದ್ರ ದಾಟಿಬಿಡುತ್ತಾನೆ.

ಕ್ರಿಯಾಪದಗಳ ವಿಷಯದಲ್ಲಿ ನೀನು ಎಡವಿದ್ದು ಕನ್ನಡದವಳಾದ್ದರಿಂದ. ಆದ್ದರಿಂದಲೇ ಬೇಗ ಕಲಿಯುತ್ತೀಯ ಎಂಬ ನಂಬಿಕೆಯೂ ನನಗಿದೆ. ಫ್ರೆಂಚಿನ ಎಂಪಾರ್ಫೆ ಎಂಬ ಭೂತಕಾಲದಲ್ಲಿ "ಇಲ್ ದೆಸಾಂದೆ" ಅಂದರೆ ನಮ್ಮ "ಅವನು ಇಳಿಯುತ್ತಿದ್ದ". ಆ ಹೊತ್ತಿಗೆ ಇಳಿಯುತ್ತಿದ್ದನೋ, ದಿನಾ ಇಳಿಯುತ್ತಿದ್ದನೋ, ಅವರೂ ಹೇಳಬೇಕಿಲ್ಲ, ನಾವೂ ಹೇಳಬೇಕಿಲ್ಲ. ಇಂಗ್ಲಿಷ್ ಬಿಡುವುದಿಲ್ಲ, ಆರಿಸು ಎನ್ನುತ್ತದೆ. ನಿನ್ನ ಕಿವಿಗೆ ಅಲ್ಲೊಂದು ಆಯ್ಕೆ ಇದೆ ಎಂದೇ ಹೊಳೆದಿಲ್ಲ, ಹಾಗಾಗಿ ಮೊದಲ ಪುಟದಲ್ಲಿ ಎಲ್ಲರೂ ಏಕಕಾಲಕ್ಕೆ ಏನೇನೋ ಮಾಡುತ್ತಲೇ ನಿಂತಿದ್ದಾರೆ. ದಿನದ ರೂಢಿ ಎಂದು ಒಮ್ಮೆ ಸೂಚಿಸಿ, ಆಮೇಲೆ ಸರಳ ಭೂತಕಾಲದಲ್ಲಿ ನಡೆದುಬಿಡು.

ಇಲ್ಲಿಯೂ ಸವೆತವೇ ಮುಖ್ಯ. ಪಾಸೆ ಸ್ಯಾಂಪ್ಲ್ ಇವತ್ತು ಬರೆಹದಲ್ಲಿ ಮಾತ್ರ ಉಳಿದ ಭೂತಕಾಲ, ಪಾಸೆ ಕೊಂಪೋಝೆ ದಿನದ ಮಾತಿನದ್ದು. ಆಲ್ಬೇರ್ ಕಾಮು 1942ರಲ್ಲಿ "ಲೆತ್ರಾಂಝೆ" ಕಾದಂಬರಿಯನ್ನು ಹೆಚ್ಚುಕಡಿಮೆ ಪೂರ್ತಿ ಆ ಮಾತಿನ ಭೂತಕಾಲದಲ್ಲೇ ಬರೆದಾಗ ಫ್ರೆಂಚ್ ಓದುಗರಿಗೆ ವಿಚಿತ್ರವಾಗಿ ಕೇಳಿಸಿತು. ಇಂಗ್ಲಿಷಿಗೆ ಬಂದರೆ ಎರಡೂ ಒಂದೇ ಆಗಿ, ಆ ವಿಚಿತ್ರ ಅಲ್ಲಿಗೇ ಮಾಯ. ಕ್ರಿಯಾಪದದಲ್ಲಿ ಕಳೆದದ್ದನ್ನು ವಾಕ್ಯದ ಗಿಡ್ಡತನದಲ್ಲಿ, ಎರಡು ವಾಕ್ಯಗಳ ನಡುವಿನ ಬಿಡುವಿನಲ್ಲಿ ತುಂಬಿಕೊಡಬೇಕು. ನಿನ್ನ ಕಥೆಯ ತಾಯಿ ಮಗನಿಗೆ ಊಟ ಆಯ್ತಾ ಎಂದು ಕೇಳುವಲ್ಲಿ ನೀನು "ಯು ಏಟ್?" ಎಂದು ಎರಡೇ ಪದದಲ್ಲಿ ಮುಗಿಸಿದ್ದೀಯ. ಆ ಸಾಲನ್ನು ಓದಿಯೇ ನಿನಗೆ ಕಾಗದ ಬರೆಯಬೇಕು ಅನ್ನಿಸಿದ್ದು.

ಇನ್ನು ಹದಿಮೂರನೇ ಪುಟ. ಇಷ್ಟೆಲ್ಲ ರಂಗು ಚೆಲ್ಲಿದವಳು, ನಿಜಕ್ಕೂ ರಂಗಿರುವ ಒಂದೇ ಜಾಗದಲ್ಲಿ ಕೈ ಬಿಟ್ಟಿದ್ದೀಯ. "ಕ್ರೆವೆ" ಎಂಬ ಕ್ರಿಯಾಪದ ಟೈರಿಗೆ ಹೇಳಿದರೆ ಪಂಕ್ಚರ್, ಪ್ರಾಣಿಗೆ ಹೇಳಿದರೆ ಸಾವು, ಮನುಷ್ಯನ ಸಾವಿಗೆ ಹೇಳಿದರೆ ಒರಟುತನ. "ಝ ಸ್ವಿ ಕ್ರೆವೆ" ಅಂದರೆ ಸುಸ್ತಾಗಿದ್ದೇನೆ, ಅಷ್ಟೇ. ಆ ಮಾತಿನೊಳಗಿನ ಟೈರಾಗಲಿ ಹೆಣವಾಗಲಿ ಬೇರೆಲ್ಲಿಯೂ ಯಾರಿಗೂ ಕಾಣುವುದಿಲ್ಲ. ಆದರೆ ಇಲ್ಲಿ ರಾತ್ರಿ ಹತ್ತರ ಹೊತ್ತಿಗೆ ಮುದುಕ ಮೆಕ್ಯಾನಿಕ್ ಮಂಡಿಯೂರಿ, ಲಿವರ್ ಕೆಳಗಿಟ್ಟು, ಲಾರಿ ಟೈರಿನ ಮೇಲೆ ಅಂಗೈ ಇಟ್ಟು ಹೇಳುತ್ತಾನೆ: "ಲ್ವಿ, ಇಲ್ ಎ ಕ್ರೆವೆ. ಮ್ವಾ ಒಸ್ಸಿ." ಇದು ಹಾಗಾಗಿದೆ, ನಾನೂ. ಸವೆದ ಮಾತನ್ನು ಲೇಖಕರು ಎಬ್ಬಿಸಿ ಕೂರಿಸಿದ್ದಾರೆ. ನೀನು ಟೈರಿಗೆ "ಪಂಕ್ಚರ್ಡ್", ಮುದುಕನಿಗೆ "ಎಕ್ಸಾಸ್ಟೆಡ್" ಎಂದು ಬೇರೆಬೇರೆ ಪದ ಕೊಟ್ಟು, "ಟೂ" ಎಂದು ಕೊನೆಗೆ ಸೇರಿಸಿದ್ದೀಯ. ಆ "ಟೂ"ಗೆ ಆಸರೆಯೇ ಇಲ್ಲ.

"ದಿಸ್ ಟೈರ್ಸ್ ಶಾಟ್. ಸೋ ಆಮ್ ಐ" ಅಂದರೆ ಎರಡಕ್ಕೂ ಕೂಡುತ್ತದೆ. ಆದರೆ ಆರು ಪುಟ ಆದಮೇಲೆ ಅಂಗಡಿಯ ಮಾಲೀಕ ಫೋನಿನಲ್ಲಿ ಮುದುಕನ ಸಾವನ್ನು ಇದೇ ಕ್ರಿಯಾಪದದಲ್ಲಿ ಹೇಳುತ್ತಾನೆ, ಅದೂ ನಾಯಿ ಸತ್ತ ಹಾಗೆ. "ಶಾಟ್" ಅಂದರೆ ಅಲ್ಲಿ ಗುಂಡು ಹಾರುತ್ತದೆ. "ಗಾನ್" ಮೂರೂ ಕಡೆ ನಿಲ್ಲುತ್ತದೆ, ಆದರೆ ಮಾಲೀಕನ ಬಾಯಿಗೆ ಅದು ತೀರಾ ಮೆತ್ತಗಾಯಿತು. ಎರಡು ದಿನದಿಂದ ಇದನ್ನೇ ಯೋಚಿಸುತ್ತಿದ್ದೇನೆ. ನೀನೂ ಯೋಚಿಸು. ಮೊಲ, ಸಾಲಾದ್, ಸೇಬು ಎಲ್ಲವನ್ನೂ ತೆಗೆದು ಆ ಎರಡು ಪುಟಗಳನ್ನು ಮತ್ತೆ ಬರೆದು ಕಳಿಸು. ಮೂರಕ್ಕೂ ಕೂಡುವ ಮಾತು ಸಿಗದೇ ಹೋದರೆ, ಯಾವ ಎರಡನ್ನು ಉಳಿಸಿಕೊಂಡೆ, ಯಾಕೆ ಎಂದು ಅಂಚಿನಲ್ಲಿ ಬರೆ.

ಪ್ರೀತಿಯಿಂದ,
ನಿನ್ನ ಮೇಡಂ