ಕಲ್ಲಿಗೆ ನೆಟ್ಟ ಬಾಣದ ಮೇಲಿನ ಸಾಲು

ಚಿ. ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ಮಳೆ ಶುರುವಾದಾಗಿನಿಂದ ನಿನ್ನ ದೊಡ್ಡಮ್ಮನ ಮಂಡಿನೋವು ಮಾತ್ರ ಸ್ವಲ್ಪ ಜಾಸ್ತಿ.

ನೀನು ವಾಟ್ಸಾಪಿನಲ್ಲಿ ಕಳಿಸಿದ ಚಿತ್ರ ನೋಡಿದೆ. ಗಡ್ಡದ ಸೇನಾಪತಿ, ಎದುರಿಗೆ ಬಂಡೆ, ಬಂಡೆಯೊಳಗೆ ಅರ್ಧ ಹೋದ ಬಾಣ. ‘ಇದು ನಿಜವಾ ದೊಡ್ಡಪ್ಪ?’ ಅಂತ ಕೇಳಿದ್ದೆ. ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತಾ ಕೂರುವುದು ನನ್ನಿಂದ ಆಗುವುದಿಲ್ಲ. ಅದಕ್ಕೇ ಈ ಕಾಗದ. ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಅದು ಆಮೇಲೆ.

ಆ ಸೇನಾಪತಿಯ ಹೆಸರು ಲಿ ಗುವಾಂಗ್. ಚೀನಾದಲ್ಲಿ ಹಾನ್ ವಂಶದವರು ಆಳುತ್ತಿದ್ದ ಕಾಲ, ಅಂದರೆ ಇಂದಿಗೆ ಎರಡು ಸಾವಿರ ವರ್ಷಕ್ಕೂ ಹಿಂದಿನ ಮಾತು. ಅವನ ಊರು ಈಗಿನ ಗಾನ್ಸು ಪ್ರಾಂತ್ಯದ ತ್ಯಾನ್‌ಶುಯಿ ಕಡೆ. ಮನೆತನದಲ್ಲಿ ತಲೆಮಾರಿನಿಂದ ಬಿಲ್ಲುವಿದ್ಯೆ ಇತ್ತು. ಅವನ ಕಥೆ ಬರೆದಿಟ್ಟವನು ಸಿಮಾ ಚಿಯನ್ ಎಂಬ ಇತಿಹಾಸಕಾರ. ಅವನು ಲಿ ಗುವಾಂಗನನ್ನು ಕಣ್ಣಾರೆ ಕಂಡಿದ್ದ. ನೋಡಿದರೆ ಹಳ್ಳಿಯವನ ಹಾಗೆ, ಮಾತೇ ಹೊರಡದು ಅಂತ ಬರೆದಿದ್ದಾನೆ. ಎತ್ತರದ ಆಳು, ಕಪಿಯ ಹಾಗೆ ಉದ್ದ ತೋಳು. ಅವನ ಹತ್ತಿರ ಕಲಿತವರು ಬೇಕಾದಷ್ಟು ಜನ, ಸರಿಸಮ ಆದವರು ಒಬ್ಬರೂ ಇಲ್ಲ. ಬಿಡುವಿದ್ದರೆ ನೆಲದ ಮೇಲೆ ಗೆರೆ ಎಳೆದು ಬಾಣ ಬಿಡುವ ಪಂದ್ಯ ಕಟ್ಟುತ್ತಿದ್ದ. ಸೋತವರು ಒಂದು ಬಟ್ಟಲು ಮದ್ಯ ಕುಡಿಯಬೇಕು. ಸಾಯುವ ತನಕ ಅವನಿಗೆ ಆಟವೆಂದರೆ ಇದೊಂದೇ.

ಉತ್ತರದ ಹುಲ್ಲುಗಾವಲಿನಿಂದ ಶಿಯೊಂಗ್ನು ಎಂಬ ಕುದುರೆ ಸವಾರರು ಗಡಿಗೆ ನುಗ್ಗಿ ಬರುತ್ತಿದ್ದರು. ಅವರೂ ಬಿಲ್ಲಿನಲ್ಲಿ ಪಳಗಿದವರೇ. ಒಂದು ಸಲ ಅವರ ಮೂವರು ಹತ್ತಾರು ಹಾನ್ ಸವಾರರನ್ನು ಹೊಡೆದುರುಳಿಸಿದರು. ಸುದ್ದಿ ಕೇಳಿದ ಲಿ ಗುವಾಂಗ್, ‘ಇವರು ಹದ್ದು ಹೊಡೆಯುವವರೇ ಇರಬೇಕು’ ಅಂದ, ಅಂದರೆ ಹಾರುವ ಹದ್ದನ್ನೇ ಬೀಳಿಸುವಷ್ಟು ಪಳಗಿದ ಬಿಲ್ಲುಗಾರರು ಅಂತ. ನೂರು ಸವಾರರನ್ನು ಕಟ್ಟಿಕೊಂಡು ಅಟ್ಟಿಸಿಕೊಂಡು ಹೋದ. ತನ್ನವರಿಗೆ ಎಡಬಲ ಹರಡಿಕೊಳ್ಳಿ ಅಂದು, ತಾನೊಬ್ಬನೇ ಬಾಣ ಬಿಟ್ಟ. ಇಬ್ಬರು ಬಿದ್ದರು, ಒಬ್ಬ ಸೆರೆ ಸಿಕ್ಕ. ಕೇಳಿದರೆ ಹದ್ದು ಹೊಡೆಯುವವರೇ.

ಅಷ್ಟರಲ್ಲಿ ದೂರದಲ್ಲಿ ಸಾವಿರಾರು ಶತ್ರು ಸವಾರರು ಕಾಣಿಸಿದರು. ಇವರು ನೂರೇ ಜನ. ಎಲ್ಲರೂ ಓಡಲು ತಯಾರಾದರು. ಲಿ ಗುವಾಂಗ್ ಬೇಡ ಅಂದ. ಓಡಿದರೆ ಬೆನ್ನಿಗೆ ಬಾಣ ಬೀಳುತ್ತದೆ, ನಿಂತರೆ ಇವರ ಹಿಂದೆ ದೊಡ್ಡ ಸೈನ್ಯ ಅಡಗಿದೆ ಅಂದುಕೊಳ್ಳುತ್ತಾರೆ. ಇನ್ನೂ ಮುಂದಕ್ಕೆ ಹೋಗಿ ಎಲ್ಲರಿಂದಲೂ ಕುದುರೆಗಳ ಜೀನು ಬಿಚ್ಚಿಸಿದ. ಬಿಳಿ ಕುದುರೆಯ ಶತ್ರು ನಾಯಕನೊಬ್ಬ ತನ್ನವರನ್ನು ನೋಡಿಕೊಳ್ಳಲು ಮುಂದೆ ಬಂದ. ಇವನು ಎದ್ದು ಹೋಗಿ ಅವನನ್ನು ಹೊಡೆದು, ವಾಪಸ್ ಬಂದು ಮತ್ತೆ ಜೀನು ಬಿಚ್ಚಿ, ಹುಲ್ಲಿನ ಮೇಲೆ ಒರಗಿಕೊಂಡ. ನಡುರಾತ್ರಿಗೆ ಆ ಸಾವಿರಾರು ಜನ ಹೆದರಿ ಜಾಗ ಖಾಲಿ ಮಾಡಿದರು. ಕಲ್ಲಿನ ಕಥೆಗಿಂತ ನನಗೆ ಇದೇ ಜಾಸ್ತಿ ಇಷ್ಟ.

ಅವನಿಗೊಂದು ಅಭ್ಯಾಸವಿತ್ತು. ಹತ್ತಾರು ಹೆಜ್ಜೆಯಷ್ಟು ಹತ್ತಿರ ಬರುವ ತನಕ, ಬಿದ್ದೇ ಬೀಳುತ್ತದೆ ಅಂತ ಖಾತ್ರಿಯಾಗುವ ತನಕ ಬಾಣ ಬಿಡುತ್ತಿರಲಿಲ್ಲ. ಬಿಟ್ಟರೆ, ಹೆದೆಯ ಸದ್ದಿಗೂ ಎದುರಿಗಿದ್ದವನು ಬೀಳುವುದಕ್ಕೂ ಸರಿಹೋಗುತ್ತಿತ್ತು. ಆದರೆ ಇದೇ ಅಭ್ಯಾಸದಿಂದ ಯುದ್ಧದಲ್ಲಿ ಎಷ್ಟೋ ಸಲ ಪೇಚಿಗೆ ಸಿಕ್ಕಿಹಾಕಿಕೊಂಡ, ಬೇಟೆಯಲ್ಲಿ ಮೃಗಗಳ ಕೈಲಿ ಗಾಯ ಮಾಡಿಸಿಕೊಂಡ ಅಂತಲೂ ಸಿಮಾ ಚಿಯನ್ ಬರೆದಿದ್ದಾನೆ. ಬಾಣ ಪೂರ್ತಿ ಎಳೆದಾಯಿತು ಅಂತ ಹೇಳುವ ನಿನ್ನ ಬಿಲ್ಲಿನ ಕ್ಲಿಕರ್ ‘ಟಿಕ್’ ಅಂದ ಮೇಲೂ ಬಿಡದೆ ಹಿಡಿದುಕೊಳ್ಳುತ್ತೀಯ, ಆಗ ಮೊಣಕೈ ನಡುಗಲು ಶುರುವಾಗುತ್ತದೆ, ಅದಕ್ಕೇ ಕೋಚ್ ಬೈಯುತ್ತಾರೆ ಅಂತ ನೀನೇ ಹೇಳಿದ್ದೆ, ಅಲ್ವಾ? ಅದನ್ನು ಓದುವಾಗ ನಿನ್ನ ನೆನಪಾಗಿ ನಗು ಬಂತು.

ಈಗ ಕಲ್ಲಿನ ವಿಷಯ. ಬೇಟೆಗೆ ಹೋದಾಗ ಹುಲ್ಲಿನ ಮಧ್ಯೆ ಹುಲಿ ಕಂಡ ಹಾಗಾಯಿತು. ಹೊಡೆದ. ಹತ್ತಿರ ಹೋಗಿ ನೋಡಿದರೆ ಕಲ್ಲು. ಬಾಣದ ಮೊನೆ ಪೂರ್ತಿ ಒಳಗೆ ಹೋಗಿತ್ತು. ಕಲ್ಲು ಅಂತ ಗೊತ್ತಾದ ಮೇಲೆ ಮತ್ತೆ ಹೊಡೆದು ನೋಡಿದ, ಎಷ್ಟು ಮಾಡಿದರೂ ನಾಟಲಿಲ್ಲ. ನಾನಂತೂ ಇದನ್ನು ನಂಬುವುದಿಲ್ಲ. ಇವನಿಗಿಂತ ನಾನೂರಕ್ಕೂ ಹೆಚ್ಚು ವರ್ಷ ಹಿಂದೆ ಚೂ ರಾಜ್ಯದಲ್ಲಿ ಯಾಂಗ್ ಯೌಜಿ ಅಂತ ಬಿಲ್ಲುಗಾರನಿದ್ದ. ಅವನೂ ಕಾಡುಮೃಗ ಅಂದುಕೊಂಡು ಕಲ್ಲಿಗೆ ಹೊಡೆದ, ಗರಿಯ ತನಕ ಬಾಣ ಒಳಗೆ ಹೋಯಿತು ಅಂತ ಇಂಥದ್ದೇ ಕಥೆ ಇದೆ. ದೊಡ್ಡ ಬಿಲ್ಲುಗಾರ ಅಂದಮೇಲೆ ಒಂದು ಕಲ್ಲು ಸೀಳಲೇಬೇಕು ಅಂತ ಕಾಣುತ್ತದೆ. ಆದರೂ ಎರಡನೆಯ ಸಲ ನಾಟಲಿಲ್ಲ ಅಂತ ಬರೆದಿದ್ದಾರಲ್ಲ, ಅದು ಸುಮ್ನೆ ಕಟ್ಟಿದ ಮಾತಿನ ಹಾಗಿಲ್ಲ.

ಪುಟ್ಟಿ, ಆ ಕಲ್ಲಿನ ಚಿತ್ರ ಎಲ್ಲರೂ ಕಳಿಸುತ್ತಾರೆ. ಪುಸ್ತಕದಲ್ಲಿ ಅದಕ್ಕೆ ಸ್ವಲ್ಪ ಮೇಲೆ ಇರುವ ಸಾಲನ್ನು ಯಾರೂ ಕಳಿಸುವುದಿಲ್ಲ. ಅದನ್ನು ಹೇಳುವುದಕ್ಕೇ ನಾನು ಕೂತಿರುವುದು.

ಕ್ರಿ.ಪೂ. 129ರಲ್ಲಿ ಲಿ ಗುವಾಂಗ್ ಸೋತು ಶತ್ರುಗಳ ಕೈಗೆ ಸಿಕ್ಕ. ಗಾಯವಾಗಿತ್ತು. ಎರಡು ಕುದುರೆಗಳ ನಡುವೆ ಬಲೆ ಕಟ್ಟಿ ಅದರಲ್ಲಿ ಮಲಗಿಸಿ ಒಯ್ಯುತ್ತಿದ್ದರು. ಸತ್ತವನ ಹಾಗೆ ಬಿದ್ದುಕೊಂಡಿದ್ದವನು ಸಮಯ ನೋಡಿ ಪಕ್ಕದ ಹುಡುಗನ ಕುದುರೆಗೆ ಹಾರಿದ. ಅವನನ್ನು ತಳ್ಳಿ, ಅವನ ಬಿಲ್ಲನ್ನೇ ಕಿತ್ತುಕೊಂಡು, ಬೆನ್ನಟ್ಟಿದವರಿಗೆ ಹೊಡೆಯುತ್ತಾ ತಪ್ಪಿಸಿಕೊಂಡು ಬಂದ. ಬಂದವನಿಗೆ ಸಿಕ್ಕಿದ್ದು ವಿಚಾರಣೆ. ಸೈನಿಕರನ್ನು ಕಳೆದುಕೊಂಡ, ಜೀವಂತ ಸೆರೆಯಾದ ಅಂತ ಮರಣದಂಡನೆ ಆಯಿತು. ಹಣ ಕಟ್ಟಿ ಜೀವ ಉಳಿಸಿಕೊಂಡು, ಪದವಿ ಕಳೆದುಕೊಂಡು ಸಾಮಾನ್ಯನಾದ.

ಆ ದಿನಗಳಲ್ಲಿ ಒಂದು ರಾತ್ರಿ ಯಾರದೋ ಜೊತೆ ಹೊಲದಲ್ಲಿ ಕುಡಿದು ವಾಪಸ್ ಬರುತ್ತಿದ್ದ. ಬಾಲಿಂಗ್ ಎಂಬಲ್ಲಿ ಠಾಣೆಯ ಅಧಿಕಾರಿ ತಡೆದ. ಅವನೂ ಕುಡಿದಿದ್ದ. ಜೊತೆಗಿದ್ದ ಸವಾರ, ‘ಇವರು ಹಿಂದಿನ ಸೇನಾಪತಿ ಲಿ’ ಅಂದ. ‘ಈಗಿನ ಸೇನಾಪತಿಗೇ ರಾತ್ರಿ ಓಡಾಡಲು ಬಿಡುವುದಿಲ್ಲ, ಹಿಂದಿನವನದ್ದೇನು!’ ಅಂದ ಅಧಿಕಾರಿ. ರಾತ್ರಿಯೆಲ್ಲ ಅಲ್ಲೇ ಕೂರಿಸಿದ.

ಸ್ವಲ್ಪ ದಿನಕ್ಕೆ ಶತ್ರುಗಳು ಮತ್ತೆ ನುಗ್ಗಿದರು. ಚಕ್ರವರ್ತಿಗೆ ಲಿ ಗುವಾಂಗ್ ಬೇಕಾದ. ಯೌಬೆಯ್‌ಪಿಂಗ್ ಎಂಬ ಗಡಿನಾಡಿಗೆ ಅಧಿಪತಿ ಮಾಡಿದ. ಇವನು ಮೊದಲು ಕೇಳಿದ್ದೇನು ಗೊತ್ತಾ? ಬಾಲಿಂಗಿನ ಆ ಅಧಿಕಾರಿಯನ್ನು ನನ್ನ ಜೊತೆ ಕಳಿಸಿ ಅಂತ. ಬೀಡಿಗೆ ಬಂದ ಕೂಡಲೇ ಅವನ ತಲೆ ತೆಗೆಸಿದ. ಅದಾದ ಮೇಲೇ ಪುಸ್ತಕದಲ್ಲಿ ಶತ್ರುಗಳು ಇವನನ್ನು ‘ಹಾರುವ ಸೇನಾಪತಿ’ ಅಂತ ಕರೆದದ್ದು ಬರುತ್ತದೆ, ಆಮೇಲೆ ಕಲ್ಲು, ಬಾಣ. ಸಿಮಾ ಚಿಯನ್‌ಗೆ ಲಿ ಗುವಾಂಗ್ ಅಂದರೆ ತುಂಬ ಅಭಿಮಾನ. ಅವನ ಮೊಮ್ಮಗನ ಪರ ಮಾತಾಡಿದ್ದಕ್ಕೇ ಘೋರ ಶಿಕ್ಷೆ ಅನುಭವಿಸಿದವನು. ಆದರೂ ಈ ಸಾಲನ್ನು ಮುಚ್ಚಿಡಲಿಲ್ಲ. ಸತ್ತವನ ಹೆಸರು ಮಾತ್ರ ಪುಸ್ತಕದಲ್ಲಿಲ್ಲ.

ಈಗ ಇನ್ನೊಂದು ಕಾರಣ. ಮೊನ್ನೆ ನಿಮ್ಮಪ್ಪ ಫೋನ್ ಮಾಡಿದ್ದ. ಟೀಮಿನ ಆಯ್ಕೆಯಲ್ಲಿ ನಿನ್ನ ಹೆಸರು ಬರಲಿಲ್ಲ, ನಿನಗಿಂತ ಕಡಿಮೆ ಅಂಕ ತೆಗೆಯುತ್ತಿದ್ದ ಹುಡುಗಿಯ ಹೆಸರು ಬಂತು ಅಂದ. ನಿನ್ನ ಹೊಟ್ಟೆಯುರಿ ನನಗೆ ಅರ್ಥವಾಗುತ್ತದೆ. ಅನ್ಯಾಯ ಅನ್ನಿಸಿದರೆ ಅನ್ಯಾಯ ಅನ್ನು. ಆದರೆ ಆ ಸಂಜೆ ಸ್ಟೋರಿನವನ ಹತ್ತಿರ ಹೊಸ ಟಾರ್ಗೆಟ್ ಹಾಳೆ ಕೇಳಿದೆಯಂತೆ. ‘ಟೀಮಲ್ಲಿರೋರಿಗೇ ಆರು ಗಂಟೆ ಮೇಲೆ ಕೊಡಲ್ಲ, ನಿಂಗೇನು ಕೊಡೋದು’ ಅಂದನಂತೆ. ಅವನನ್ನು ಅಲ್ಲಿಂದ ತೆಗೆಸಬೇಕು ಅಂತ ನೀನು ದೂರು ಬರೆದಿಟ್ಟುಕೊಂಡಿದ್ದೀಯಂತೆ, ಸೋಮವಾರ ಕೊಡುತ್ತೀಯಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತಲ್ಲೇ ಇದು!

ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಯಾಕೆ ಅಂತ ಹೇಳುತ್ತೇನೆ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ವಿಷಯ. ನನಗೆ ಆಗ 41 ವರ್ಷ. ನನಗಿಂತ ಕಿರಿಯನೊಬ್ಬನಿಗೆ ಪ್ರಮೋಷನ್ ಸಿಕ್ಕಿ ನನಗೆ ತಪ್ಪಿತು. ಮಾರನೆಯ ದಿನ ಕಚೇರಿಗೆ ಹತ್ತು ನಿಮಿಷ ತಡವಾಗಿ ಹೋದೆ. ಗೇಟಿನಲ್ಲಿ ವಾಚ್‌ಮನ್, ‘ಸಾರ್, ಲೇಟ್ ರಿಜಿಸ್ಟರಿಗೆ ಸೈನ್ ಹಾಕಿ’ ಅಂದ. ನಾಲ್ಕು ಜನ ನೋಡುತ್ತಿದ್ದರು. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಒಳಗೆ ಹೋಗಿ ನಾಲ್ಕೇ ಸಾಲಿನ ಒಂದು ನೋಟು ಬರೆದೆ, ಒರಟು ವರ್ತನೆ ಅಂತ. ತಿಂಗಳೊಳಗೆ ಅವನನ್ನು ದೂರದ ಗೋಡೌನಿಗೆ ಹಾಕಿದರು. ಗೇಟಿನ ಪಕ್ಕ ಬಿಸ್ಕತ್ತಿನ ಡಬ್ಬದಲ್ಲಿ ಅವನು ಕನಕಾಂಬರ ಬೆಳೆಸಿದ್ದ. ನೀರು ಹಾಕುವವರಿಲ್ಲದೆ ಒಣಗಿತು. ದಿನಾ ಅದರ ಮುಂದೆಯೇ ಹೋಗುತ್ತಿದ್ದೆ, ಒಂದು ದಿನವೂ ಒಂದು ಚೊಂಬು ನೀರು ಹಾಕಲಿಲ್ಲ.

ರಿಟೈರ್ ಆಗುವಾಗ ಚಾರ್ಜ್ ಕೊಡಲು ಫೈಲು ತೆಗೆದರೆ ಆ ನೋಟಿನ ಕಾರ್ಬನ್ ಪ್ರತಿ ಸಿಕ್ಕಿತು. ಕೊನೆಯ ಪೂರ್ಣವಿರಾಮ ಎಷ್ಟು ಒತ್ತಿ ಹಾಕಿದ್ದೆ ಅಂದರೆ ಅಲ್ಲಿ ಕಾಗದ ತೂತಾಗಿತ್ತು.

ಲಿ ಗುವಾಂಗ್‌ಗೂ ಅನ್ಯಾಯ ಆಗಿದ್ದು ಸುಳ್ಳಲ್ಲ. ಎಪ್ಪತ್ತಕ್ಕೂ ಹೆಚ್ಚು ಕಾಳಗ ಮಾಡಿದ, ಸಾಮಂತ ಪದವಿ ಸಿಗಲಿಲ್ಲ. ಅವನ ದಾಯಾದಿ ಲಿ ಚಾಯ್ ಸಾಧಾರಣ ಮನುಷ್ಯ, ಅವನಿಗೆ ಪದವಿಯೂ ಸಿಕ್ಕಿತು, ಪ್ರಧಾನಮಂತ್ರಿಯೂ ಆದ. ಕೊನೆಗೆ ಕ್ರಿ.ಪೂ. 119ರಲ್ಲಿ, ಅರವತ್ತು ದಾಟಿದ ಮೇಲೆ, ಮುಂಚೂಣಿ ಕೊಡಿ ಅಂತ ಬೇಡಿಕೊಂಡರೂ ಮಹಾಸೇನಾಪತಿ ವೆಯ್ ಚಿಂಗ್ ಸುತ್ತುದಾರಿಗೆ ಕಳಿಸಿದ. ದಾರಿ ತೋರಿಸುವವರಿಲ್ಲದೆ ಮರುಭೂಮಿಯಲ್ಲಿ ದಾರಿ ತಪ್ಪಿ, ಯುದ್ಧ ಮುಗಿದ ಮೇಲೆ ತಲುಪಿದ. ಯಾಕೆ ತಪ್ಪಿತು ಅಂತ ವಿಚಾರಣೆಗೆ ಬಂದಾಗ ಹೇಳಿದ: ‘ನನ್ನ ಕೆಳಗಿನವರ ತಪ್ಪೇನೂ ಇಲ್ಲ. ದಾರಿ ತಪ್ಪಿದವನು ನಾನು.’ ಆಮೇಲೆ ಗುಮಾಸ್ತರ ಮುಂದೆ ನಿಲ್ಲಲಾರೆ ಅಂತ ತನ್ನ ಕತ್ತಿಯಿಂದಲೇ ಜೀವ ಕಳೆದುಕೊಂಡ. ಆ ಕೊನೆಯ ಕೆಲಸ ನನಗೆ ಒಪ್ಪಿಗೆಯಿಲ್ಲ, ಎಷ್ಟು ದೊಡ್ಡವನೇ ಆಗಲಿ. ಆದರೆ ಅದಕ್ಕೆ ಮುಂಚೆ ಆಡಿದ ಮಾತಿದೆಯಲ್ಲ, ಬಾಲಿಂಗಿನ ರಾತ್ರಿ ಅದೇ ಮನುಷ್ಯ ಎಲ್ಲಿ ಹೋಗಿದ್ದ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಸೋಮವಾರ ಆ ದೂರು ಕೊಡಬೇಡ. ಅದರ ಬದಲು ಆಯ್ಕೆ ಮಾಡಿದವರಿಗೇ ಒಂದು ಅರ್ಜಿ ಬರೆ. ಟ್ರಯಲ್ಸಿನ ಅಂಕಪಟ್ಟಿ ತೋರಿಸಿ ಅಂತ ಕೇಳು. ಭಾಷೆ ನಯವಾಗಿರಲಿ, ತಾರೀಖು ಸರಿಯಾಗಿರಲಿ, ಒಂದು ಪ್ರತಿ ನಿನ್ನ ಹತ್ತಿರ ಇಟ್ಟುಕೋ. ಬೇಕಾದರೆ ಬರೆದು ನನಗೆ ಕಳಿಸು, ತಿದ್ದಿಕೊಡುತ್ತೇನೆ. ಅರ್ಜಿ ಬರೆಯುವುದರಲ್ಲಿ ನಿಮ್ಮ ದೊಡ್ಡಪ್ಪನನ್ನು ಮೀರಿಸುವವರಿಲ್ಲ.

ಭಾನುವಾರ ನಿಮ್ಮಪ್ಪ ಬರುವಾಗ ದೊಡ್ಡಮ್ಮ ಕೋಡುಬಳೆ ಕಳಿಸುತ್ತಾಳೆ. ಬೆರಳಿಗೆ ಹಾಕುವ ಆ ಚರ್ಮದ ಟ್ಯಾಬ್ ಹರಿದಿದೆ ಅಂದಿದ್ದೆಯಲ್ಲ, ಅದಕ್ಕೆ ದುಡ್ಡೂ ಇಟ್ಟಿದ್ದೇನೆ. ಸ್ಟೋರಿನವನ ಹೆಸರು ಕೇಳಿದರೆ ನಿಮ್ಮಪ್ಪನಿಗೂ ಗೊತ್ತಿಲ್ಲ. ಮುಂದಿನ ಸಲ ಬರೆಯುವಾಗ ತಿಳಿಸು.

ಇಂತಿ ನಿನ್ನ,
ದೊಡ್ಡಪ್ಪ