ಹಾವಿನ ಮದ್ದು ಫ್ರಿಜ್ಜಿನಲ್ಲೇ ಕೆಡದಿರಲಿ: ಜಿಲ್ಲಾ ಆರೋಗ್ಯಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಶಿವಮೊಗ್ಗ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ನಮಸ್ಕಾರಗಳು.

ಮುಂಗಾರು ಹಿಡಿಯುವ ಮೊದಲು ತೀರ್ಥಹಳ್ಳಿ, ಹೊಸನಗರ, ಸಾಗರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹಾವಿನ ವಿಷಕ್ಕೆ ಕೊಡುವ ಎಎಸ್‌ವಿ ಚುಚ್ಚುಮದ್ದನ್ನು ಹಂಚುವಾಗ ಎಷ್ಟು ವಯಲ್ (ಸಣ್ಣ ಸೀಸೆ) ಎಂದಷ್ಟೇ ನೋಡಿದರೆ ಸಾಲದು. ದ್ರವವೋ ಪುಡಿಯೋ, ಎಲ್ಲಿಡುತ್ತಾರೆ ಎಂಬುದನ್ನೂ ದಯವಿಟ್ಟು ವಿಚಾರಿಸಿ.

ಎಎಸ್‌ವಿ ಎಂದರೆ ಕುದುರೆಯ ರಕ್ತದಿಂದ ತೆಗೆದ ಪ್ರತಿಕಾಯ, ಅಂದರೆ ಪ್ರೋಟೀನ್. ದ್ರವರೂಪದ್ದಕ್ಕೆ 2ರಿಂದ 8 ಡಿಗ್ರಿ ತಂಪು ಬೇಕೇ ಬೇಕು. ಬಿಸಿಗೆ ಕೆಡುತ್ತದೆಂಬ ಭಯ ಎಲ್ಲರಿಗೂ ಇದೆ. ಹೆಪ್ಪುಗಟ್ಟಿದರೂ ಕೆಡುತ್ತದೆಂಬುದು ಮರೆತುಹೋಗುತ್ತದೆ. ನೀರು ಮಂಜಾಗುತ್ತಿದ್ದಂತೆ ಪ್ರೋಟೀನ್ ಕಣಗಳು ಒತ್ತರಿಸಿ ಅಂಟಿಕೊಳ್ಳುತ್ತವೆ, ಕರಗಿದ ಮೇಲೂ ಬಿಡಿಸಿಕೊಳ್ಳುವುದಿಲ್ಲ. ಮದ್ದಿನ ಶಕ್ತಿ ಕುಂದುತ್ತದೆ, ರಿಯಾಕ್ಷನ್ ಭಯ ಹೆಚ್ಚುತ್ತದೆ. ಲಸಿಕೆಗೆಂದೇ ಇರುವ ಐಎಲ್‌ಆರ್ ಎಂಬ ವಿಶೇಷ ಫ್ರಿಜ್ಜಿನಲ್ಲಿ ಬೇರೆ ಔಷಧ ಇಡುವಂತಿಲ್ಲವಾದ್ದರಿಂದ ಇದರ ಪಾಲಿಗೆ ಸಾಮಾನ್ಯ ಫ್ರಿಜ್ಜೇ ಗತಿ. ಫ್ರೀಜರಿನ ಕೆಳಗಿನ ತಟ್ಟೆ, ಹಿಂಗೋಡೆ, ಬಾಗಿಲು ಮೂರೂ ಬೇಡ. ನಡುತಟ್ಟೆಯಲ್ಲಿ ಡಬ್ಬಿಯೊಳಗಿಟ್ಟು, ಪಕ್ಕದಲ್ಲೇ ಕನಿಷ್ಠ–ಗರಿಷ್ಠ ಉಷ್ಣಾಂಶ ತೋರುವ ಥರ್ಮಾಮೀಟರ್ ಇರಲಿ. ಹೆಪ್ಪುಗಟ್ಟಿದ, ಕದಡಿದ ಅಥವಾ ಕಣ ತೇಲುವ ವಯಲ್ ಬಳಸಲೇಬಾರದು.

ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ಕಡೆಗೆ ಪುಡಿಯೇ ಸರಿ. ನೀರಿನಂಶ ತೆಗೆದಿರುವುದರಿಂದ ಪ್ರೋಟೀನ್ ಅಲುಗಾಡದೆ ಕೂತಿರುತ್ತದೆ. ದ್ರವಕ್ಕೆ ಸಾಮಾನ್ಯವಾಗಿ ಮೂರು ವರ್ಷದವರೆಗಿನ ಆಯುಷ್ಯವಾದರೆ ಪುಡಿಗೆ ಐದರವರೆಗೆ. ಹಾಗೆಂದು ತಗಡಿನ ಮಾಡಿನಡಿ ಇಡಬೇಡಿ, ಲೇಬಲ್ಲಿನಲ್ಲಿರುವ ಡಿಗ್ರಿಯೇ ಮಿತಿ. ಜೊತೆಗೆ ಬರುವ 10 ಮಿ.ಲೀ. ನೀರು ಹಾಕಿ ಮೆಲ್ಲಗೆ ತಿರುಗಿಸಬೇಕು. ಕುಲುಕಿದರೆ ನೊರೆ ಬಂದು ಪ್ರೋಟೀನೇ ಕೆಡುತ್ತದೆ (ಗಡಿಬಿಡಿಯಲ್ಲಿ ಕೈ ತಾನಾಗಿ ಕುಲುಕುತ್ತದೆ, ಸಿಬ್ಬಂದಿಗೆ ಒಮ್ಮೆ ಮಾಡಿಸಿಯೇ ತೋರಿಸಬೇಕು). ಹತ್ತು ನಿಮಿಷವಾದರೂ ಕರಗದಿದ್ದರೆ ಆ ಬ್ಯಾಚನ್ನೇ ಅನುಮಾನಿಸಿ.

ಮೊದಲ ಡೋಸೇ ಸುಮಾರು 10 ವಯಲ್. ಎರಡು–ಮೂರು ಇಟ್ಟುಕೊಂಡ ಕೇಂದ್ರ ಇಟ್ಟುಕೊಂಡೂ ಇಲ್ಲದಂತೆ. 20 ವಯಲ್, ಜೊತೆಗೆ ರಿಯಾಕ್ಷನ್ ಆದರೆ ಕೊಡಲು ಅಡ್ರಿನಾಲಿನ್ ಇರಲಿ. ಅವಧಿಗೆ ಮೂರು ತಿಂಗಳಿರುವಾಗಲೇ ಉಳಿದದ್ದನ್ನು ಬೇಗ ಖರ್ಚಾಗುವ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ, ತಂಪು ಪೆಟ್ಟಿಗೆಯಲ್ಲೇ ಕಳಿಸಿ ಹೊಸದು ತರಿಸಬಹುದು. 2024ರಿಂದ ಹಾವು ಕಡಿತ ಕಡ್ಡಾಯ ವರದಿಯ ಪ್ರಕರಣವಾದ್ದರಿಂದ ಯಾವ ಕೇಂದ್ರಕ್ಕೆ ಎಷ್ಟು ಬೇಕೆಂಬ ಲೆಕ್ಕ ನಿಮ್ಮ ಕಚೇರಿಯಲ್ಲೇ ಸಿಗುತ್ತದೆ.

ಇನ್ನೊಂದು: ಈ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷಕ್ಕೆಂದು ಮಾಡಿದ್ದು. ಅಡಿಕೆ ತೋಟದ ಗುಳಿಮಂಡಲ ಕಚ್ಚಿದವರಿಗೆ ಹಾಕಿ ವಯಲ್ ಮುಗಿಸಬಾರದೆಂದು ಸುತ್ತೋಲೆಯಲ್ಲಿ ಸೇರಿಸಿ.

ಇಂತಿ,
ಶೀತಲ ಸರಪಳಿ ಬಲ್ಲ ಫಾರ್ಮಸಿಸ್ಟರು, ಶಿವಮೊಗ್ಗ